ಸೊಸೈಟಿ ಮುಳುಗಿದರೆ ನಷ್ಟ ಯಾರದು?

ಲಿಂಗನಮಕ್ಕಿ ಹಿನ್ನೀರಿನಂಚಿನ ಹೊನ್ನೆಮರಡುವಿನಿಂದ ತಾಳಗುಪ್ಪ, ಸಾಗರದ ತನಕ ಅಡಿಕೆ ಬೆಳೆಗಾರರ ಉಳಿತಾಯ ಎಲ್ಲಿರುತ್ತದೆ ಎಂದು ಹುಡುಕಿದರೆ ಸಾಮಾನ್ಯವಾಗಿ ನಾಲ್ಕು ಜಾಗ ಸಿಗುತ್ತವೆ. ಒಂದಿಷ್ಟು ಕೆನರಾ ಬ್ಯಾಂಕೋ ಕರ್ನಾಟಕ ಬ್ಯಾಂಕೋ ಅಂಥ ಕಡೆ. ಒಂದಿಷ್ಟು ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ, ಅಂದರೆ ಜನರ ಬಾಯಲ್ಲಿ ‘ಸೊಸೈಟಿ’ಯಲ್ಲಿ. ಮಗಳ ಮದುವೆಗೋ ಮನೆ ಕಟ್ಟಲಿಕ್ಕೋ ತೆಗೆದಿಟ್ಟದ್ದು, ಬಡ್ಡಿ ತುಸು ಜಾಸ್ತಿ ಸಿಗುತ್ತದೆಂದು, ಪೇಟೆಯ ಯಾವುದೋ ಸೌಹಾರ್ದ ಸಹಕಾರಿಯಲ್ಲಿ. ಉಳಿದದ್ದು ಅಡಿಕೆ ಮಂಡಿಯಲ್ಲಿ. ಫಸಲಿನ ಮೇಲೆ ಮುಂಗಡ ಕೊಡುವವರೂ, ಮಾರಿದ ದುಡ್ಡನ್ನು ಬಡ್ಡಿಗೆ ಇಟ್ಟುಕೊಳ್ಳುವವರೂ ಮಂಡಿಯವರೇ ಆಗಿರುವುದು ಮಲೆನಾಡಿನ ಹಳೆಯ ರೂಢಿ. ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಮಾತ್ರ ಐದು ಲಕ್ಷ ರೂಪಾಯಿ ತನಕ ಠೇವಣಿ ವಿಮೆ ಇದೆ. ಉಳಿದ ಮೂರಕ್ಕೆ ಇಲ್ಲ. ಎಲ್ಲಿ ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚು ಎಂಬುದು ಬಾಯಿಪಾಠವಾಗಿರುವವರಲ್ಲೂ ಎಷ್ಟೋ ಜನಕ್ಕೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ಗೊತ್ತಿದ್ದವರೂ ಅದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಬ್ಯಾಂಕು ಬಿದ್ದಾಗ ಸರ್ಕಾರ ಮಧ್ಯೆ ಬರಬೇಕೇ ಬೇಡವೇ ಎಂಬ ಹಳೆಯ ಜಗಳವನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಈ ನಾಲ್ಕು ಜಾಗಗಳಲ್ಲಿ ನಿಂತು ನೋಡುವುದು ಲೇಸು.

ಮುಕ್ತ ಮಾರುಕಟ್ಟೆವಾದಿಗಳ, ಅದರಲ್ಲೂ ಲಿಬರ್ಟೇರಿಯನ್ನರ ವಾದ ಸರಳ. ಬ್ಯಾಂಕೂ ಒಂದು ವ್ಯಾಪಾರ. ಕಿರಾಣಿ ಅಂಗಡಿ ನಷ್ಟವಾದರೆ ಬಾಗಿಲು ಹಾಕುತ್ತದೆ, ಬ್ಯಾಂಕೂ ಹಾಕಲಿ. ಬಿದ್ದಾಗ ಎತ್ತಲು ಸರ್ಕಾರವಿದೆ ಎಂದು ಗೊತ್ತಿದ್ದರೆ ಸಾಲ ಕೊಡುವವನು ಕಣ್ಣುಮುಚ್ಚಿ ಕೊಡುತ್ತಾನೆ, ಠೇವಣಿ ಇಡುವವನು ಕಣ್ಣುಮುಚ್ಚಿ ಇಡುತ್ತಾನೆ. ಲಾಭ ಬಂದಾಗ ಖಾಸಗಿ, ನಷ್ಟ ಬಂದಾಗ ಸಾರ್ವಜನಿಕ. ಆಸ್ಟ್ರಿಯಾದ ಲುಡ್ವಿಗ್ ಫಾನ್ ಮೀಸೆಸ್ 1912ರಲ್ಲೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಿಕ್ಕಟ್ಟಿನ ಬೇರು ಅಗ್ಗದ ಸಾಲದಲ್ಲಿದೆ, ಅಗ್ಗ ಮಾಡುವವರು ನೋಟು ಅಚ್ಚು ಹಾಕುವ ಹಕ್ಕುಳ್ಳವರು ಎಂದರು. ಫ್ರೀಡ್ರಿಖ್ ಹಾಯೆಕ್ 1976ರ ಹೊತ್ತಿಗೆ, ಹಣ ಚಲಾಯಿಸುವ ಅಧಿಕಾರವನ್ನೇ ಸರ್ಕಾರದ ಕೈಯಿಂದ ಕಿತ್ತು ಪೈಪೋಟಿಗೆ ಬಿಡಬೇಕೆನ್ನುವ ತನಕ ಹೋದರು. ಅವರ ಶಿಷ್ಯಪರಂಪರೆ ಉದಾಹರಣೆಗೆ ಹಿಡಿಯುವುದು ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡನ್ನು. ಅಲ್ಲಿ ಕೇಂದ್ರ ಬ್ಯಾಂಕ್ ಇರಲಿಲ್ಲ; ಹಲವು ಬ್ಯಾಂಕುಗಳು ತಮ್ಮ ತಮ್ಮ ನೋಟು ಅಚ್ಚು ಹಾಕುತ್ತಿದ್ದವು. 1772ರಲ್ಲಿ ಅಲ್ಲಿನ ಏರ್ ಬ್ಯಾಂಕ್ ಮುಳುಗಿದಾಗ ಪಾಲುದಾರರು, ಬಹುತೇಕ ಜಮೀನುದಾರರು, ಆಸ್ತಿ ಮಾರಿ ಬ್ಯಾಂಕಿಗೆ ಸಾಲ ಕೊಟ್ಟವರ ಬಾಕಿ ತೀರಿಸಬೇಕಾಯಿತು. ಅವರ ಹೊಣೆಗೆ ಮಿತಿಯೇ ಇರಲಿಲ್ಲ. (ಆ ಪ್ರಸಂಗವನ್ನು ಹತ್ತಿರದಿಂದ ಕಂಡ ಆಡಂ ಸ್ಮಿತ್ ಮಾತ್ರ ಬ್ಯಾಂಕುಗಳಿಗೆ ಕೆಲವು ಕಟ್ಟುಪಾಡು ಇರಲೇಬೇಕೆಂದು ಬರೆದರು. ಸ್ಮಿತ್ ಹೆಸರಿನಲ್ಲಿ ಪ್ರಮಾಣ ಮಾಡುವವರು ಆ ಪುಟವನ್ನು ಬೇಗ ತಿರುವಿಹಾಕುತ್ತಾರೆ.)

ಇದನ್ನು ಪರದೇಶದ ಸರಕು ಎಂದು ತಳ್ಳುವಂತಿಲ್ಲ. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತಿನಲ್ಲಿ 1905ರಲ್ಲಿ ಹುಟ್ಟಿದ ಬಿ.ಆರ್. ಶೆಣೈ ಲಂಡನ್ನಿನಲ್ಲಿ ಹಾಯೆಕ್ ವಿಚಾರಗಳ ಪ್ರಭಾವಕ್ಕೆ ಒಳಗಾಗಿ ಬಂದು, ರಿಸರ್ವ್ ಬ್ಯಾಂಕಿನಲ್ಲೂ ಕೆಲಸ ಮಾಡಿದರು. 1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಗೆ ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರೆಲ್ಲ ಸಹಿ ಹಾಕಿದಾಗ, ಖೋತಾ ಹಣದಿಂದ ಯೋಜನೆ ನಡೆಸಬಾರದೆಂದು ಭಿನ್ನಮತದ ಟಿಪ್ಪಣಿ ಬರೆದವರು ಅವರೊಬ್ಬರೇ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದು ಮೊದಲ ಸುತ್ತು ಗೆದ್ದ ರುಸ್ತುಂ ಕೂಪರ್ ಮುಕ್ತ ಮಾರುಕಟ್ಟೆಯ ಪರವಾಗಿದ್ದ ಸ್ವತಂತ್ರ ಪಕ್ಷದವರು. ಗೆಲುವು ಕೆಲವೇ ದಿನ ಬಾಳಿತು. ಹೊಸ ಸುಗ್ರೀವಾಜ್ಞೆ ಬಂತು.

ನಮ್ಮ ಕರಾವಳಿಯೇ ಈ ವಾದಕ್ಕೆ ಒದಗಿಸುವ ಸಾಕ್ಷ್ಯ ಬೇರೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿನ ಮೂಲರೂಪವಾದ ನಿಧಿಯನ್ನೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿನ ಮೂಲರೂಪವನ್ನೂ ಕಟ್ಟಿದಾಗ ದೇಶದಲ್ಲಿ ಕೇಂದ್ರ ಬ್ಯಾಂಕ್ ಇರಲಿಲ್ಲ. ರಿಸರ್ವ್ ಬ್ಯಾಂಕ್ ಬಂದದ್ದು 1935ರಲ್ಲಿ. ಅದೇ 1906ರ ಅಕ್ಟೋಬರಿನಲ್ಲಿ ಮದರಾಸಿನ ಆರ್ಬತ್ನಾಟ್ ಕಂಪನಿ ಸಾವಿರಾರು ಠೇವಣಿದಾರರನ್ನು ಮುಳುಗಿಸಿತು. ಸರ್ಕಾರ ಅದನ್ನು ಎತ್ತಿ ನಿಲ್ಲಿಸಲಿಲ್ಲ. ಬಿಳಿಯ, ಸಾಲದ್ದಕ್ಕೆ ‘ಸರ್’ ಪದವಿಯ ಜಾರ್ಜ್ ಆರ್ಬತ್ನಾಟ್ ಜೈಲಿಗೆ ಹೋದರು. ಮರುವರ್ಷ ಆ ಪತನದ ಬೆನ್ನಿಗೇ ಇಂಡಿಯನ್ ಬ್ಯಾಂಕ್ ಹುಟ್ಟಿತು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಹೋಗಿ ಎತ್ತಿತು. ಯಾವ ಸರ್ಕಾರಿ ಯೋಜನೆಯೂ ಇದನ್ನು ಹೇಳಿಕೊಟ್ಟದ್ದಲ್ಲ.

ಅದಕ್ಕಿಂತ ಮಹತ್ವದ ಸಂಗತಿ ಸಹಕಾರದ ಚರಿತ್ರೆಯ ಮೊದಲ ಪುಟದಲ್ಲಿದೆ. 1904ರ ಕಾಯ್ದೆಯಡಿ, 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆ ಕಾಯ್ದೆಯ ಒಂದು ಅಂಶವನ್ನು ಮಾತ್ರ ಮರೆತಿದ್ದೇವೆ. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಸದಸ್ಯನ ಎತ್ತು, ಗದ್ದೆ, ತೋಟ ಎಲ್ಲಕ್ಕೂ ಸಂಚಕಾರ. ಪಕ್ಕದ ಮನೆಯವನು ಸಾಲ ತೆಗೆದು ಇಸ್ಪೀಟಿಗೆ ಹಾಕಿದರೆ ತನ್ನ ಮನೆ ಹೋಗುತ್ತದೆ ಎಂದು ಗೊತ್ತಿರುವ ಊರಿನಲ್ಲಿ ಸಾಲದ ಅರ್ಜಿ ಸುಮ್ಮನೆ ಪಾಸಾಗುವುದಿಲ್ಲ. ಇದು ಜರ್ಮನಿಯ ರೈಫೈಸನ್ ಮಾದರಿ. ಹಾಯೆಕ್ ಇದಕ್ಕೆ ಎರಡು ಕೈಯಲ್ಲೂ ಮತ ಹಾಕುತ್ತಿದ್ದರು. ನಷ್ಟಕ್ಕೆ ಮೊದಲೇ ಹೆಸರು ಬರೆದಿಟ್ಟ ವ್ಯವಸ್ಥೆ ಅದು.

ಆ ಹೆಸರನ್ನು ಅಳಿಸಿದ್ದು ಯಾರು? ಒಮ್ಮೆಗೇ ಯಾರೂ ಅಳಿಸಲಿಲ್ಲ. ಎ.ಡಿ. ಗೋರ್ವಾಲಾ ನೇತೃತ್ವದ ಗ್ರಾಮೀಣ ಸಾಲ ಸಮೀಕ್ಷೆಯ ವರದಿ 1954ರಲ್ಲಿ, ಸಹಕಾರ ಸಂಘಗಳಲ್ಲಿ ಸರ್ಕಾರವೇ ಪಾಲುದಾರನಾಗಬೇಕೆಂದಿತು. ಕಾರಣ ಸುಳ್ಳಲ್ಲ: ರೈತನ ಸಾಲದಲ್ಲಿ ಸಹಕಾರದ ಪಾಲು ತೀರಾ ಸಣ್ಣದಿತ್ತು, ಉಳಿದದ್ದರಲ್ಲಿ ಬಹುಪಾಲು ಸಾಹುಕಾರರದ್ದೇ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಮಂಡಿಯ ಹಿಡಿತದಿಂದ ಬಿಡಿಸಿಕೊಳ್ಳಲಿಕ್ಕೇ 1939ರಲ್ಲಿ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಹುಟ್ಟಿದ್ದು. ಆದರೆ ಸರ್ಕಾರದ ಷೇರಿನ ಹಿಂದೆಯೇ ಸರ್ಕಾರದ ನಾಮನಿರ್ದೇಶಿತರು ಬಂದರು, ರಿಜಿಸ್ಟ್ರಾರ್ ಬಂದರು, ಆಡಳಿತಾಧಿಕಾರಿ ಬಂದರು. ನಿರ್ದೇಶಕ ಮಂಡಳಿಯ ಚುನಾವಣೆ ವಿಧಾನಸಭೆಯ ಪೂರ್ವತಯಾರಿಯಾಯಿತು. ಸದಸ್ಯನ ಹೊಣೆ ಅವನ ಷೇರಿನ ಮೊತ್ತಕ್ಕೆ ಇಳಿಯಿತು. ತನ್ನ ಮನೆಗೆ ಅಪಾಯವಿಲ್ಲವೆಂದ ಮೇಲೆ ಪಕ್ಕದವನ ಅರ್ಜಿಯನ್ನು ಅವನೇಕೆ ಓದುತ್ತಾನೆ?

ಫಲ ನಮ್ಮ ಜಿಲ್ಲೆಯಲ್ಲೇ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸೊಸೈಟಿಗಳಿಗೆಲ್ಲ ಬೆಳೆಸಾಲದ ಹಣ ಹರಿಯುವುದು ಶಿವಮೊಗ್ಗದ ಡಿ.ಸಿ.ಸಿ. ಬ್ಯಾಂಕಿನಿಂದ. ಅದರ ನಗರ ಶಾಖೆಯಲ್ಲಿ ನಕಲಿ ಚಿನ್ನ ಅಡವಿಟ್ಟುಕೊಂಡು 60 ಕೋಟಿ ರೂಪಾಯಿಗೂ ಮೀರಿ ಸಾಲ ಕೊಟ್ಟದ್ದು 2014ರಲ್ಲಿ ಬಯಲಾಯಿತು. ಪೇಟೆಯ ಯಾವ ಅಕ್ಕಸಾಲಿಗನೂ ಒರೆಗಲ್ಲಿಗೆ ತಿಕ್ಕಿ ನಿಮಿಷದಲ್ಲಿ ಹೇಳಬಹುದಾದದ್ದನ್ನು ಒಂದು ಜಿಲ್ಲಾ ಬ್ಯಾಂಕು ಹೇಳಲಿಲ್ಲ. ಹನ್ನೊಂದು ವರ್ಷ ಕಳೆದ ಮೇಲೂ, 2025ರಲ್ಲಿ, ಜಾರಿ ನಿರ್ದೇಶನಾಲಯ ಆ ಪ್ರಕರಣದಲ್ಲಿ ಬಂಧನ ನಡೆಸುತ್ತಿತ್ತು. ಯಾರು ತಪ್ಪಿತಸ್ಥರೆಂಬುದು ನ್ಯಾಯಾಲಯಕ್ಕೆ ಬಿಟ್ಟದ್ದು. ನನ್ನ ಕುತೂಹಲ ಬೇರೆ: ಆ ದುಡ್ಡು ಹೋದಾಗ ಜಿಲ್ಲೆಯಲ್ಲಿ ಯಾವ ಸದಸ್ಯನಿಗೂ ತನ್ನ ಜೇಬಿನಿಂದ ಹೋಯಿತು ಅನ್ನಿಸಲಿಲ್ಲ. ಪತ್ರಿಕೆಯಲ್ಲಿ ಓದಿ ಛೆ ಅಂದು ಮುಂದಿನ ಪುಟಕ್ಕೆ ಹೋದೆವು.

ಸಾಲಮನ್ನಾವನ್ನೂ ಇಲ್ಲೇ ಇಡಬೇಕು. 2017ರಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರಿ ಬೆಳೆಸಾಲದಲ್ಲಿ 50,000 ರೂಪಾಯಿ ತನಕ ಮನ್ನಾ ಮಾಡಿತು, ಬಾಬ್ತು 8,165 ಕೋಟಿ. ಮರುವರ್ಷ ಕುಮಾರಸ್ವಾಮಿಯವರು ಇನ್ನೂ ದೊಡ್ಡದನ್ನು ಘೋಷಿಸಿದರು. ಬರ, ಕೊಳೆರೋಗ, ಎಲೆಚುಕ್ಕಿ ಬಂದ ವರ್ಷ ರೈತನ ಕೈಹಿಡಿಯುವುದಕ್ಕೆ ನನ್ನ ತಕರಾರಿಲ್ಲ. ಆದರೆ ಮಾರ್ಚಿಗೆ ಮೊದಲೇ ಕೈಸಾಲ ಮಾಡಿಯಾದರೂ ಸೊಸೈಟಿ ಸಾಲ ನವೀಕರಿಸಿದ ಮನೆಯವರು ಪೆದ್ದರಾದರು, ಚುನಾವಣೆ ಹತ್ತಿರ ಬಂತು ಕಾಯೋಣ ಎಂದವರು ಜಾಣರಾದರು. ಇಂಥ ಪಾಠ ಎರಡು ಸಲ ಕಲಿಸಿದರೆ ಸಾಕು, ಮೂರನೆಯ ಸಲ ಯಾರಿಗೂ ಹೇಳಿಕೊಡಬೇಕಿಲ್ಲ.

ಇಷ್ಟರ ತನಕ ಮುಕ್ತ ಮಾರುಕಟ್ಟೆವಾದಿಗಳ ಜೊತೆ ನಾನು ಬರುತ್ತೇನೆ. ಇನ್ನೂ ಒಂದು ಮಾತಿಗೆ ತಲೆಯಾಡಿಸುತ್ತೇನೆ: ಸರ್ಕಾರ ಎತ್ತುವುದು ಬಡವನನ್ನಲ್ಲ, ಗಟ್ಟಿಯಾಗಿ ಕೂಗುವವನನ್ನು. 2023ರ ಮಾರ್ಚಿನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದಾಗ ವಿಮೆಯ ಮಿತಿ ಎರಡೂವರೆ ಲಕ್ಷ ಡಾಲರ್ ಇತ್ತು. ಎರಡೇ ದಿನದಲ್ಲಿ ಆ ಮಿತಿಯನ್ನು ಬದಿಗಿಟ್ಟು, ಕೋಟ್ಯಂತರ ಡಾಲರ್ ಇಟ್ಟಿದ್ದ ಕಂಪನಿಗಳಿಗೂ ಪೂರ್ತಿ ದುಡ್ಡಿನ ಭರವಸೆ ಕೊಟ್ಟರು. 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಎರಡು ಸಾವಿರ ಕೋಟಿ ಮೀರಿದ ಠೇವಣಿಯ ಹಿಂದೆ ನಿಂತಿದ್ದವರಲ್ಲಿ ನಿವೃತ್ತರೇ ಬಹಳ. ಅವರಿಗೆ ಹಿಂತೆಗೆಯಲು ಸಿಕ್ಕ ಅಪ್ಪಣೆ 35,000 ರೂಪಾಯಿಗೆ ಮಾತ್ರ. ಅವರು ಐದು ಲಕ್ಷದ ವಿಮೆಯ ಮುಖ ನೋಡಬೇಕಾದರೆ 2021ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿ, ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆ ಕೊಡಬೇಕು ಎನ್ನಬೇಕಾಯಿತು.

ನಾನು ಅವರಿಂದ ಬೇರೆಯಾಗುವುದು ಮುಂದಿನ ಹೆಜ್ಜೆಯಲ್ಲಿ. ವಿಮೆ ತೆಗೆದುಹಾಕಿ, ಠೇವಣಿದಾರ ತಾನೇ ಹುಷಾರಾಗುತ್ತಾನೆ ಎನ್ನುತ್ತಾರೆ. (ಹೀಗೆ ಹೇಳುವವರ ಪಿಂಚಣಿ ಹಣ ಸೊಸೈಟಿಯಲ್ಲಿರುವುದು ಅಪರೂಪ.) ಈ ಪ್ರಯೋಗವನ್ನು ಹೊಸದಾಗಿ ಮಾಡಬೇಕಿಲ್ಲ, ಕರ್ನಾಟಕದಲ್ಲಿ ಅದು ದಿನವೂ ನಡೆದಿದೆ. ಪತ್ತಿನ ಸಹಕಾರ ಸಂಘಗಳಿಗೆ ಠೇವಣಿ ವಿಮೆ ಇಲ್ಲ. 2001ರಿಂದ ಜಾರಿಯಾದ ಸೌಹಾರ್ದ ಕಾಯ್ದೆಯಡಿ ಹುಟ್ಟಿದ ಸಹಕಾರಿಗಳಿಗೂ, ಅವು ಬ್ಯಾಂಕುಗಳಲ್ಲವಾದ್ದರಿಂದ, ಇಲ್ಲ. ಸಿದ್ಧಾಂತದ ಪ್ರಕಾರ ಇಲ್ಲಿನ ಠೇವಣಿದಾರರು ಹದ್ದಿನ ಕಣ್ಣಿನವರಾಗಬೇಕಿತ್ತು. ವಾರ್ಷಿಕ ವರದಿಯ ವಸೂಲಾಗದ ಸಾಲದ ಕಾಲಂ ಓದಬೇಕಿತ್ತು. ಆದದ್ದೇನು? ಸೆಪ್ಟೆಂಬರಿನ ಸರ್ವಸದಸ್ಯರ ಸಭೆಗೆ ಬಂದವರಲ್ಲಿ ಹೆಚ್ಚಿನವರು ಊಟ, ಡಿವಿಡೆಂಡ್ ಮತ್ತು ಉಡುಗೊರೆಯ ವಿಷಯ ಮಾತಾಡಿ ಎದ್ದುಹೋಗುತ್ತಾರೆ. ಸಂಘಗಳು ಬೀಳುವುದೂ ನಿಂತಿಲ್ಲ.

ಇದಕ್ಕೆ ಲಿಬರ್ಟೇರಿಯನ್ನರ ಬಳಿ ಉತ್ತರವಿದೆ, ಅದು ಹಗುರವಾದದ್ದಲ್ಲ. ವಿಮೆ ಇಲ್ಲದಿದ್ದರೇನು, ಸಂಘದ ಬೋರ್ಡಿನ ಮೇಲೆ ನೋಂದಣಿ ಸಂಖ್ಯೆ ಇದೆ, ಇಲಾಖೆಯ ಲೆಕ್ಕಪರಿಶೋಧನೆಯ ‘ಎ’ ದರ್ಜೆ ಇದೆ, ಉದ್ಘಾಟನೆಗೆ ಬಂದ ಮಂತ್ರಿಯ ಫೋಟೊ ಇದೆ. ಇವೆಲ್ಲ ಸೇರಿ ಸರ್ಕಾರದ ಮೊಹರಿನಂತೆ ಕಾಣುತ್ತವೆ, ಜನ ಅದನ್ನು ನಂಬಿ ಕಣ್ಣುಮುಚ್ಚುತ್ತಾರೆ. ಮೊಹರನ್ನೂ ತೆಗೆಯಿರಿ, ಆಗ ನೋಡಿ! ಅರ್ಧ ಸತ್ಯ. ಇನ್ನರ್ಧವನ್ನು ಮಂಡಿ ಹೇಳುತ್ತದೆ. ಮಂಡಿಯಲ್ಲಿಟ್ಟ ದುಡ್ಡಿಗೆ ಯಾವ ಸರ್ಕಾರದ ಮೊಹರೂ ಇಲ್ಲ. ಅಲ್ಲೂ ಬೆಳೆಗಾರ ಮಂಡಿಯ ಲೆಕ್ಕಪುಸ್ತಕ ನೋಡಿ ದುಡ್ಡು ಇಡುವುದಿಲ್ಲ. ಅಪ್ಪನ ಕಾಲದಿಂದ ನಡೆದುಬಂದ ವ್ಯವಹಾರ, ಮನೆತನದ ಹೆಸರು, ಮುಂಗಡದ ಋಣ ಇವೇ ಆಧಾರ. ಒಂದು ಬ್ಯಾಂಕು ಯಾರಿಗೆ ಎಷ್ಟು ಸಾಲ ಕೊಟ್ಟಿದೆ, ಅಡಮಾನದ ನಿಜವಾದ ಬೆಲೆ ಎಷ್ಟು ಎಂಬುದು ರಿಸರ್ವ್ ಬ್ಯಾಂಕಿನ ಇನ್‌ಸ್ಪೆಕ್ಟರಿಗೇ ಹೊಳೆಯದಿರುವಾಗ, ಕೊನೆಕೊಯ್ಲು ಮುಗಿಸಿ ಚೆಕ್ ಹಿಡಿದು ಬಂದವನಿಗೆ ಹೊಳೆಯಲಿ ಎನ್ನುವುದು ಅನ್ಯಾಯ. ಕಣಗಿನಹಾಳದಲ್ಲಿ ಕಾವಲು ಸಾಧ್ಯವಾದದ್ದು ಊರು ಸಣ್ಣದಿದ್ದದ್ದರಿಂದ. ಸಾಲಗಾರನ ಗದ್ದೆ ಕಣ್ಣೆದುರಿಗಿತ್ತು.

ಬ್ಯಾಂಕು ಕಿರಾಣಿ ಅಂಗಡಿಯಲ್ಲ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮಳೆಗಾಲದಲ್ಲಿ ಲಿಂಗನಮಕ್ಕಿಯ ನೀರು 1,819 ಅಡಿಯ ಹತ್ತಿರ ಬಂದರೆ, ಗೇಟು ಎತ್ತುವ ಮೊದಲು ಶರಾವತಿಯ ಕೆಳದಂಡೆಯ ಊರುಗಳಿಗೆ ಮುನ್ಸೂಚನೆ ಹೋಗುತ್ತದೆ. ಎಚ್ಚರಿಕೆ ಕೊಟ್ಟದ್ದರಿಂದ ನೀರು ಹೆಚ್ಚುವುದಿಲ್ಲ. ಬ್ಯಾಂಕಿನಲ್ಲಿ ಎಚ್ಚರಿಕೆಯೇ ನೆರೆ. ‘ಆ ಸೊಸೈಟಿ ಸ್ವಲ್ಪ ನೋಡಿಕೊಳ್ಳಿ’ ಎಂಬ ಒಂದು ಮಾತು ಹಬ್ಬಿದರೆ, ನಿನ್ನೆವರೆಗೆ ಗಟ್ಟಿಯಿದ್ದ ಸಂಘವೂ ನಾಳೆ ಬಾಗಿಲು ಹಾಕಬಹುದು. ಠೇವಣಿ ಕೇಳಿದ ದಿನ ಕೊಡಬೇಕು, ಸಾಲ ಮಾತ್ರ ಅಡಿಕೆ ಫಸಲು ಬಂದಾಗಲೇ ವಾಪಸು ಬರುವುದು. ಈ ಅಂತರವನ್ನು ಡೈಮಂಡ್ ಮತ್ತು ಡಿಬ್‌ವಿಗ್ 1983ರಲ್ಲಿ ಲೆಕ್ಕ ಹಾಕಿ ತೋರಿಸಿದರು, 2022ರಲ್ಲಿ ಅದಕ್ಕೆ ನೊಬೆಲ್ ಬಂತು. ಸಾಲಿನಲ್ಲಿ ಮೊದಲು ನಿಂತವನಿಗೆ ಪೂರ್ತಿ, ಕೊನೆಯಲ್ಲಿ ನಿಂತವನಿಗೆ ಶೂನ್ಯ. ಹಾಗಿರುವಾಗ ಓಡುವುದೇ ವಿವೇಕ. ಮೊದಲು ನಿಲ್ಲುವವನು ಯಾರೆಂದು ಬೇರೆ ಹೇಳಬೇಕೇ? ನಿರ್ದೇಶಕನ ಬೀಗರು. ಮುಕ್ತ ಮಾರುಕಟ್ಟೆಯ ದೊಡ್ಡ ವಕೀಲ ಮಿಲ್ಟನ್ ಫ್ರೀಡ್ಮನ್ನರೇ 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸಾವಿರಾರು ಬ್ಯಾಂಕು ಬಿದ್ದದ್ದನ್ನು ಅಭ್ಯಾಸ ಮಾಡಿ, ಕೇಂದ್ರ ಬ್ಯಾಂಕು ಕೈಕಟ್ಟಿ ಕೂತದ್ದು ತಪ್ಪು, ಠೇವಣಿ ವಿಮೆ ಬಂದದ್ದು ಒಳ್ಳೆಯದಾಯಿತು ಎಂಬ ತೀರ್ಮಾನಕ್ಕೆ ಬಂದಿದ್ದರು. ನಮ್ಮಲ್ಲಿ 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಬಿದ್ದದ್ದೇ ನೆಪವಾಗಿ 1962ರಿಂದ ವಿಮೆ ಶುರುವಾಯಿತು, ಮೊದಲ ಮಿತಿ 1,500 ರೂಪಾಯಿ.

ಹಾಗಾದರೆ ಸಣ್ಣ ಠೇವಣಿದಾರನ ವಿಮೆ ಇರಲಿ. ತೆಗೆಯಬೇಕಾದದ್ದು ಅವನ ಹೆಸರಿನ ಮರೆಯಲ್ಲಿ ನಿಂತವರ ರಕ್ಷಣೆ. ನಷ್ಟ ಯಾವ ಕ್ರಮದಲ್ಲಿ ಇಳಿಯಬೇಕೆಂಬುದು ಮೊದಲೇ ಗೊತ್ತಿರಬೇಕು: ಮೊದಲು ಸಾಲ ಮಂಜೂರು ಮಾಡಿದ ನಿರ್ದೇಶಕರು, ಆಮೇಲೆ ಷೇರುದಾರರು, ಆಮೇಲೆ ದೊಡ್ಡ ಠೇವಣಿ, ಎಲ್ಲಕ್ಕಿಂತ ಕೊನೆಗೆ ಐದು ಲಕ್ಷದೊಳಗಿನವರು. ಇದು ಕನಸಲ್ಲ. 2020ರ ನವೆಂಬರಿನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕನ್ನು ಡಿ.ಬಿ.ಎಸ್. ಬ್ಯಾಂಕಿಗೆ ಸೇರಿಸಿದಾಗ ಷೇರುದಾರರ ಪಾಲು ಸೊನ್ನೆಯಾಯಿತು, ಠೇವಣಿದಾರರ ಒಂದು ರೂಪಾಯಿಯೂ ಹೋಗಲಿಲ್ಲ. 2017ರ ಎಫ್.ಆರ್.ಡಿ.ಐ. ಮಸೂದೆ ಇಂಥದೊಂದು ಕ್ರಮವನ್ನು ಕಾಯ್ದೆಯಾಗಿಸಲು ಹೊರಟಿತ್ತು. ಆದರೆ ಅದರಲ್ಲಿ ಠೇವಣಿದಾರ ಎಲ್ಲಿ ನಿಲ್ಲುತ್ತಾನೆ ಎಂದು ಜನಕ್ಕೆ ಅರ್ಥವಾಗುವ ಮಾತಿನಲ್ಲಿ ಯಾರೂ ಹೇಳಲಿಲ್ಲ. ಬ್ಯಾಂಕಿನಲ್ಲಿಟ್ಟ ದುಡ್ಡನ್ನು ಸರ್ಕಾರ ನುಂಗುತ್ತದೆ ಎಂಬ ಗುಲ್ಲೆದ್ದು ಮರುವರ್ಷ ಅದನ್ನು ವಾಪಸು ತೆಗೆದುಕೊಂಡರು. ಜನರ ಭಯವನ್ನು ಅಜ್ಞಾನ ಎನ್ನಲಾರೆ. ಮಸೂದೆ ಬಂದ ವರ್ಷವೇ ಸರ್ಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ಬಂಡವಾಳ ತುಂಬುವ ಘೋಷಣೆ ಆಗಿತ್ತು. ದೊಡ್ಡ ಸಾಲಗಾರರ ಗುಂಡಿಯನ್ನು ತೆರಿಗೆಯಿಂದ ಮುಚ್ಚುತ್ತ, ಸಣ್ಣ ಠೇವಣಿದಾರನಿಗೆ ಮಾರುಕಟ್ಟೆಯ ಶಿಸ್ತನ್ನು ಬೋಧಿಸಿದರೆ ಯಾರು ಕೇಳುತ್ತಾರೆ?

ವಿಮೆಯ ಕಂತಿನಲ್ಲೂ ಇದೇ ವಕ್ರತೆ. ದಶಕಗಳ ಕಾಲ ಗಟ್ಟಿ ಬ್ಯಾಂಕಿಗೂ ಜೊಳ್ಳು ಬ್ಯಾಂಕಿಗೂ ಒಂದೇ ದರ. 2020ರಲ್ಲಿ ಅದು ನೂರು ರೂಪಾಯಿಗೆ ವರ್ಷಕ್ಕೆ 12 ಪೈಸೆ ಆಯಿತು. ಕಂತಿನ ಬಹುಪಾಲು ಕಟ್ಟುವುದು ವಾಣಿಜ್ಯ ಬ್ಯಾಂಕುಗಳು, ಪರಿಹಾರ ಹೋಗುವುದು ಬಹುತೇಕ ಸಹಕಾರಿ ಬ್ಯಾಂಕುಗಳ ಪತನಕ್ಕೆ. ಅಪಾಯ ಹೆಚ್ಚಿದ್ದವರಿಗೆ ಕಂತೂ ಹೆಚ್ಚು ಎಂಬ ಪದ್ಧತಿಗೆ ಹೋಗುವುದಾಗಿ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರಿನಲ್ಲಿ ಹೇಳಿತು. ಮುಕ್ತ ಮಾರುಕಟ್ಟೆವಾದಿಗಳಿಗೆ ಸಲ್ಲಬೇಕಾದ ಗೆಲುವು ಇದು. ಸರ್ಕಾರವನ್ನು ಓಡಿಸಿ ಅಲ್ಲ, ಸರ್ಕಾರಿ ವಿಮೆಗೇ ಬೆಲೆ ಕಟ್ಟುವುದನ್ನು ಕಲಿಸಿ.

ಸೊಸೈಟಿ, ಸೌಹಾರ್ದಗಳು ಈ ಬದಲಾವಣೆಯ ಆಚೆಗೇ ಉಳಿಯುತ್ತವೆ. ಅವಕ್ಕೂ ಐದು ಲಕ್ಷದ ವಿಮೆ ಕೊಡಿ ಎಂಬ ಬೇಡಿಕೆ ಕೇಳಿಬರುತ್ತದೆ. ನನಗೆ ಒಪ್ಪಿಗೆಯಿಲ್ಲ: ರಿಸರ್ವ್ ಬ್ಯಾಂಕಿನ ತಪಾಸಣೆ ಇಲ್ಲದ ಕಡೆ ವಿಮೆ ಕೊಡುವುದೆಂದರೆ ನಕಲಿ ಚಿನ್ನಕ್ಕೆ ಇನ್ನೊಂದು ಕೌಂಟರ್ ತೆರೆದಂತೆ. ಅದಕ್ಕಿಂತ ಖರ್ಚಿಲ್ಲದ ಕೆಲಸವೊಂದಿದೆ. ಪ್ರತಿ ಠೇವಣಿ ರಸೀದಿಯ ಮೇಲೆ, ಬಡ್ಡಿದರದ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ‘ಈ ಠೇವಣಿಗೆ ಸರ್ಕಾರದ ವಿಮೆ ಇಲ್ಲ’ ಎಂದು ಕನ್ನಡದಲ್ಲಿ ಅಚ್ಚಾಗಲಿ. ನಿರ್ದೇಶಕರೂ ಅವರ ಮನೆಯವರೂ ತೆಗೆದಿರುವ ಸಾಲದ ಒಟ್ಟು ಮೊತ್ತ ಸಂಘದ ಗೋಡೆಯ ಮೇಲೆ ವರ್ಷವಿಡೀ ಇರಲಿ. ಹೀಗೆ ಮಾಡಿದರೆ ಸಂಘಗಳಿಂದ ಠೇವಣಿ ಖಾಲಿಯಾಗುತ್ತದೆ ಎಂದು ಸಹಕಾರಿಗಳು ಹೇಳಬಹುದು. ಒಂದಿಷ್ಟು ಹೋಗಲೂಬಹುದು. ಇಡೀ ರಾಜ್ಯದಲ್ಲಿ ಒಂದೇ ದಿನ ಎಲ್ಲ ರಸೀದಿಗೂ ಇದು ಜಾರಿಯಾದರೆ ಯಾವ ಒಂದು ಸಂಘದ ಮೇಲೂ ಗುಮಾನಿ ಹುಟ್ಟುವುದಿಲ್ಲ, ಹಾಗಾಗಿ ಓಟವೂ ಏಳುವುದಿಲ್ಲ. ಆಮೇಲೂ ಅಲ್ಲೇ ಉಳಿಯುವ ದುಡ್ಡು, ಅಪಾಯ ತಿಳಿದು ಹೆಚ್ಚಿನ ಬಡ್ಡಿಗೆ ಇಟ್ಟ ದುಡ್ಡು. ಅದು ಹೋದರೆ ವಿಧಾನಸೌಧದ ಮುಂದೆ ಧರಣಿ ಕೂರುವವರಿಗೆ ಇಲ್ಲ ಎನ್ನಲು ಸರ್ಕಾರಕ್ಕೂ ಆಗ ಒಂದು ಬಾಯಿ ಇರುತ್ತದೆ.